ಕಂಕುಳ ಚೌಕ

ಮಗಳ ಕೆಲಸ ಏನು ಅಂತ ಯಾರಾದರೂ ಕೇಳಿದರೆ
ಅಪ್ಪ ಈಗಲೂ ಹೇಳೋದು, ‘ಬಟ್ಟೇದೇ, ಇನ್ನೇನು.’
ತಪ್ಪೇನಲ್ಲ.
ಹದಿನಾಲ್ಕು ವರ್ಷದಿಂದ ನಾನು
ಬೆವರು ಇಳಿಯುವ ದಾರಿ ನೋಡುತ್ತಾ ಕೂತಿದ್ದೇನೆ,
ಅದಕ್ಕೆ ಸಂಬಳವೂ ಇದೆ.

ಮೊದಲು ಬೆನ್ನಿನ ನಡುವಿನ ಓಣಿ,
ಆಮೇಲೆ ಎದೆಯ ಕೆಳಗೊಂದು ಕಮಾನು,
ಕೊನೆಗೆ ಕಂಕುಳು. ಅಲ್ಲಿ ನಿಂತು ಉಪ್ಪಾಗುತ್ತದೆ.
ಓಡಿ ಬಂದವರು ಬಿಚ್ಚಿಟ್ಟ ಅಂಗಿ ಒಣಗಿದ ಮೇಲೆ
ಬಿಳಿ ಗೆರೆ ಕಾಣುತ್ತದಲ್ಲ,
ಬೇರೆಯವರು ಸೋಪು ಹುಡುಕುತ್ತಾರೆ,
ನಾನು ಪೆನ್ಸಿಲ್ಲು.
ಇಲ್ಲಿ ಜಾಲರಿ. ಇಲ್ಲಿ ತೆಳು ಹೆಣಿಗೆ.
ಇಲ್ಲಿ, ದಯವಿಟ್ಟು, ಹೊಲಿಗೆ ಹಾಯಕೂಡದು.

ಕಲಿತದ್ದು ಅಹಮದಾಬಾದಿನಲ್ಲಿ, ವಸ್ತು ವಿನ್ಯಾಸ:
ಕುಕ್ಕರಿನ ಹಿಡಿ, ಆಸ್ಪತ್ರೆಯ ಸ್ಟೂಲು,
ಎಡಗೈಯವರಿಗೊಂದು ಕತ್ತರಿ.
‘ಕುರ್ಚಿ ಮಾಡೋದು ಕಲಿತು ಬಂದು ಚಡ್ಡಿ ಹೊಲೀತೀಯೇನೇ’
ಎಂದಿದ್ದ ಅಪ್ಪ,
ಪೆನ್ಷನ್ ಮೊಹಲ್ಲಾದ ವಿಠ್ಠಲರಾವ್ ಪಿಸ್ಸೆ,
ಕೋಟು ಸ್ಪೆಷಲಿಸ್ಟು.
ಹೌದು, ಚಡ್ಡಿಯೇ.
ಸೈಕಲ್ಲಿನವರ ಚಡ್ಡಿಯ ಒಂಬತ್ತನೇ ಸ್ಯಾಂಪಲ್ಲಿಗೂ
ಕೊಡೈಕಾನಲ್ ಹತ್ತಿ ಬಂದವನು ಹೇಳಿದ್ದು ಒಂದೇ ಮಾತು:
‘ಒತ್ತುತ್ತೆ.’
ಕಡಲಿಗೆ ಇಳಿಯದ ನಾನು
ಹಾಯಿದೋಣಿಯವರಿಗೆ ಜಾಕೀಟು ಬರೆದೆ,
ತಿರುಪ್ಪೂರಿನ ಬಾಡಿಗೆ ಮನೆಯ ಬಚ್ಚಲಲ್ಲಿ
ಅದನ್ನು ತೊಟ್ಟು ಷವರಿನ ಕೆಳಗೆ ಮುಕ್ಕಾಲು ಗಂಟೆ ನಿಂತೆ.
ನೀರು ಒಳಬಂದದ್ದು ಜಿಪ್ಪಿನಿಂದಲ್ಲ,
ಕತ್ತಿನಿಂದ. ಯಾವಾಗಲೂ ಕತ್ತಿನಿಂದ.

ಈಗ ಹಾಸನ. ಕೈಗಾರಿಕಾ ಪ್ರದೇಶದ ಕಾರ್ಖಾನೆ,
ಮೊದಲ ಮಹಡಿ, ತಲೆಯಿಲ್ಲದ ಮೂರು ಬೊಂಬೆ,
ಸ್ಯಾಂಪಲ್ ಹೊಲಿಯುವ ದಾಕ್ಷಾಯಿಣಿ.
ಮೇಲಿನ ಕಪಾಟಿನ ದಾರಕ್ಕೆ ಅವಳ ಬಲಗೈ ಹೋದರೆ
ಎಡಗೈ ತಾನಾಗಿ ಸೆರಗಿಗೆ ಹೋಗುತ್ತದೆ.
ನೋಡಿದ್ದೆ. ಬರೆದುಕೊಂಡಿರಲಿಲ್ಲ.

ದುದ್ದದ ಹುಡುಗಿ ನಿಸರ್ಗ, ಜಾವೆಲಿನ್.
ಜಿಲ್ಲಾ ಕ್ರೀಡಾಂಗಣದಲ್ಲಿ ಬೆಳಗಿನ ಆರಕ್ಕೆ
ಓಡುವ ಮುನ್ನ ಒಮ್ಮೆ ಅಂಗಿ ಕೆಳಕ್ಕೆ ಜಗ್ಗುತ್ತಾಳೆ,
ಎಸೆದ ಮೇಲೆ ಇನ್ನೊಮ್ಮೆ.
ಎಣಿಸಿದೆ: ಇಪ್ಪತ್ತೆರಡು ಎಸೆತ, ನಲವತ್ತನಾಲ್ಕು ಸಲ ಜಗ್ಗಿದ್ದು.
ತೋಳು ಹಿಂದಕ್ಕೆ ಹೋದಾಗ ಅಂಚು
ನಾಲ್ಕು ಬೆರಳು ಮೇಲೇರುತ್ತದೆ.
ಸಿಕ್ಕಿತು, ಅಂದುಕೊಂಡೆ. ಇದು ನನ್ನ ಲೆಕ್ಕ.

ಉದ್ದ ಮಾಡಿದೆ, ಸೊಂಟದಲ್ಲಿ ನಿರಿಗೆ ಬಿತ್ತು.
ಹಿಗ್ಗುವ ನೂಲು ಹೆಚ್ಚಿಸಿದೆ, ಉಸಿರು ಕಟ್ಟಿತು.
ಕಂಪ್ಯೂಟರಿನ ಪರದೆಯಲ್ಲಿ ಕಂಕುಳು ಕೆಂಪಗೆ ಉರಿಯಿತು.
ಮನೆಗೆ ಒಯ್ದೆ. ಪೊರೆ ತೆಗೆಸಿದ ಕಣ್ಣನ್ನು ನಂಬದೆ
ಅಪ್ಪ ಹೆಬ್ಬೆರಳಲ್ಲೇ ಓದಿದ:
‘ಚೌಕ ಎಲ್ಲೇ?
ಬ್ಯಾಂಡ್‌ಸೆಟ್ಟಿನ ಡೋಲಿನವರ ಕೋಟಿಗೆ
ಕಂಕುಳಲ್ಲಿ ಒಂದು ಚೌಕ ಇಡ್ತಿದ್ದೆ,
ಕೈ ಮುಗಿಲಿಗೆ ಹೋದ್ರೂ ಕೋಟು ಅಲ್ಲಾಡ್ತಿರಲಿಲ್ಲ.’

ಇಟ್ಟೆ. ಅಂಚು ಅಲ್ಲಾಡಲಿಲ್ಲ.
ಆದರೆ ಚೌಕಕ್ಕೆ ನಾಲ್ಕು ಹೊಲಿಗೆ,
ಸಂಜೆಯ ಹೊತ್ತಿಗೆ ಅವಳ ತೋಳಡಿ ತರಚಿಹೋಗಿತ್ತು.
ಅಪ್ಪನಿಗೆ ಹೇಳಲಿಲ್ಲ.
ಹನ್ನೊಂದು ದಿನ ಕೂತು ಆ ಚೌಕವನ್ನು
ತೋಳಿನ ಬಟ್ಟೆಯಲ್ಲೇ ಸೇರಿಸಿ ಕತ್ತರಿಸಿದೆ,
ಒಂದೇ ಹೊಲಿಗೆ, ಚಪ್ಪಟೆ, ಅದೂ ಬೆನ್ನಿನ ಕಡೆಗೆ.
ಮೂವತ್ತೆಂಟು ಸೆಕೆಂಡು ಜಾಸ್ತಿ ಹಿಡಿಯುತ್ತೆ ಎಂದು
ಕಾಸ್ಟಿಂಗಿನವರು ಮುಖ ಸಿಂಡರಿಸಿದರು.
ಸಿಂಡರಿಸಲಿ.

ಸೋಮವಾರ, ಮಂಜು. ತೊಟ್ಟು ನಿಂತಳು.
ಈಟಿ ಹೋಯಿತು.
ಅಂಚು ಒಂದೆಳೆಯಷ್ಟೂ ಏರಲಿಲ್ಲ.
ಏರದ ಅಂಗಿಯನ್ನು ಅವಳು
ಎರಡೂ ಕೈಯಲ್ಲಿ ಕೆಳಕ್ಕೆ ಜಗ್ಗಿ,
ತಂತಿ ಬೇಲಿಯಾಚೆ ಬೈಕಿನ ಮೇಲೆ ಕೂತವರ ಕಡೆ ನೋಡದೆ,
ಈಟಿ ತರಲು ನಡೆದಳು.

ರಾತ್ರಿ ಅಪ್ಪ ಕೇಳಿದ, ‘ಕೂತ್ಕೊಳ್ತಾ?’
‘ಅಂಗಿ ಕೂತ್ಕೊಳ್ತು’ ಅಂದೆ.